ಬಾಯಿ ಮುಚ್ಚಿದ ತೋಳುಗಳು

ಮಾರ್ಚ್ 3, ಸಂಜೆ

ಎರಡು ಪ್ಯಾಂಟು, ಒಂದು ಫ್ರಾಕು ಮುಗಿಯಿತು. ಮೆಶಿನ್ ಮತ್ತೆ ಮೊಂಡು ಹಿಡಿದಿತ್ತು, ಎಣ್ಣೆ ಕುಡಿಸಿ ಸಮಾಧಾನ ಮಾಡಿದೆ. ಇಲ್ಲಿ ನಾವೆಲ್ಲ ಕ್ಷೇಮ— ಅಯ್ಯೋ, ಯಾರಿಗೆ ಬರೆಯುತ್ತಿದ್ದೇನೆ! ಕಾಗದ ಬರೆದ ಕೈ, ಚಾಳಿ ಬಿಡದು.

ಮುಂದಿನ ವಾರದಿಂದ ಸೊಸೆ ಕೆಲಸಕ್ಕೆ. ಮೊಮ್ಮಗಳು ಇಡೀ ದಿನ ನನ್ನ ಜೊತೆ. ಖುಷಿ.

ಒಂದು ವಿಷಯ. ಊಟವಾದ ಮೇಲೆ ಮೆಶಿನ್ನಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ಎದ್ದಾಗ ಮುಂದೆ ದಪ್ಪ ಕ್ಯಾನ್ವಾಸು, ಅಂಗಿಯ ಬೆನ್ನಿನ ಆಕಾರಕ್ಕೆ ಕತ್ತರಿಸಿಟ್ಟಿದೆ. ಚಾಕ್ ಗೆರೆ ನನ್ನದೇ. ಕತ್ತರಿಸಿದ ನೆನಪು ಮಾತ್ರ ಇಲ್ಲ. ವಯಸ್ಸು...

ಮಾರ್ಚ್ 5

ಇವತ್ತೂ. ಎದ್ದರೆ ಆ ಕ್ಯಾನ್ವಾಸಿಗೆ ತೋಳುಗಳು ಕೂಡಿಕೊಂಡಿವೆ. ಮೊಣಕಾಲಿನ ತನಕ ಉದ್ದ. ಎರಡರ ತುದಿಯೂ ಮುಚ್ಚಿಕೊಂಡಿದೆ, ಕೈ ಹೊರಬರಲು ದಾರಿಯೇ ಇಲ್ಲ. ಬಲ ಹೆಗಲು ಅರ್ಧ ಇಂಚು ಇಳಿಕೆ. ಯಾರ ಅಳತೆ ಇದು?

ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. "ಇದೇನು ಮಾವ, ಕೈಯೇ ಇಲ್ಲದ ಗಿರಾಕಿ ಹಿಡಿದ್ರಾ?"

"ಕೈ ಇಲ್ಲದವನಿಗೆ ತೋಳು ಯಾಕಮ್ಮ ಹೊಲೀಲಿ?"

ನಕ್ಕಳು. ಮಗುವೂ ನಕ್ಕಿತು, ಬಾಯಿ ಬಟನ್ನಿನ ಹಾಗೆ ದುಂಡಗೆ. ಅದಕ್ಕೇ ನಮಗೆಲ್ಲ ಅವಳು ಬಟನ್. ತುದಿಯ ಹೊಲಿಗೆ ಬಿಚ್ಚಿಹಾಕಿದೆ.

ಮಾರ್ಚ್ 6

ಮತ್ತೆ ಮುಚ್ಚಿದೆ! ಈ ಸಲ ಜೋಡಿ ಹೊಲಿಗೆ. ಬೆನ್ನ ಹಿಂದೆ ಬಿಗಿದು ಕಟ್ಟಲು ಪಟ್ಟಿಗಳು ಬೇರೆ. ಎಚ್ಚರವಿದ್ದಾಗ ನಾನೂ ಇಷ್ಟು ಚೆನ್ನಾಗಿ ಹೊಲಿಯುವುದಿಲ್ಲ.

ಮಗನಿಗೆ ಹೇಳಿದೆ. "ಮಧ್ಯಾಹ್ನ ಮಲಗ್ಬೇಡಿ ಅಪ್ಪ, ಅಷ್ಟೇ" ಎಂದ. ಅಷ್ಟೇ ಅಂತೆ. ಕೂತಲ್ಲಿ ಕೂರಲಾಗುತ್ತಿಲ್ಲ. ಮೆಶಿನ್ ಇಲ್ಲದ ಕಡೆಯೂ ಕಾಲು ಪೆಡಲ್ ತುಳಿಯುತ್ತದೆ.

ಮಾರ್ಚ್ 14

ಬರೆಯಲು ಧೈರ್ಯವಿರಲಿಲ್ಲ.

ಮೊನ್ನೆ ಸೊಸೆ ಕೆಲಸಕ್ಕೆ ಹೊರಟಳು. "ಮಾವ, ಬಟನ್ ಇನ್ನು ನಿಮ್ಮ ಕೈಯಲ್ಲಿ." ಮಲಗಿದ್ದ ಮಗುವಿನ ಪಕ್ಕ ಕುಳಿತೆ. ಜೋಂಪು ಹತ್ತಿತೇನೋ... ಎಚ್ಚರವಾದಾಗ ನಿಂತಿದ್ದೆ. ಕೈಯಲ್ಲಿ ದೊಡ್ಡ ಕತ್ತರಿ. ಮಗುವಿನ ಅಂಗಿ ಕತ್ತಿನಿಂದ ಕೆಳತನಕ ನೇರವಾಗಿ ಸೀಳಿದೆ. ಮೈಗೆ ಒಂದು ಗೀರೂ ಇಲ್ಲ. ಆದರೆ ಬರಿ ಹೊಟ್ಟೆಯ ಮೇಲೆ ಚಾಕ್ ಗೆರೆ.

ಗೆರೆ ಎಳೆದ ಮೇಲೆ ನಾನು ಏನು ಮಾಡುತ್ತೇನೆ? ಜೀವಮಾನವೆಲ್ಲ ಮಾಡಿದ್ದು ಅದೊಂದೇ.

ಒರೆಸಿದೆ. ಅಂಗಿ ಮೊಳೆಗೆ ಸಿಕ್ಕಿತು ಎಂದು ಸೊಸೆಗೆ ಹೇಳಿದೆ. ನಂಬಿದಳು, ಪಾಪ.

ಮಾರ್ಚ್ 15, ಬೆಳಿಗ್ಗೆ

ಅಂಗಡಿಯ ಕನ್ನಡಿಯ ಮುಂದೆ ಕ್ಯಾನ್ವಾಸನ್ನು ಮೈಗೆ ಹಿಡಿದು ನೋಡಿದೆ. ಕತ್ತರಿ ಹಿಡಿದೂ ಹಿಡಿದೂ ಇಳಿದ ಬಲ ಹೆಗಲು... ನನ್ನದೇ. ಊರಿಗೆಲ್ಲ ಅಳತೆ ತೆಗೆದೆ, ನನ್ನ ಮೈ ನೋಡಿಕೊಂಡಿರಲಿಲ್ಲ.

ಒಳಗೊಬ್ಬ ಕತ್ತರಿ ಎತ್ತುತ್ತಾನೆ. ಇನ್ನೊಬ್ಬನಿಗೆ ಅದು ಮೊದಲೇ ಗೊತ್ತಿತ್ತು, ಅವನನ್ನು ಕಟ್ಟಿಹಾಕಲೆಂದೇ ಈ ಅಂಗಿ ಹೊಲಿದಿಟ್ಟ. ಈ ಎರಡನೆಯವನ ಮೇಲೆ ಅಕ್ಕರೆ ಬಂತು. ಅವನ ಹೊಲಿಗೆ ಬಿಚ್ಚಿದೆನಲ್ಲ, ಎಷ್ಟು ನೊಂದುಕೊಂಡನೋ.

ಸೊಸೆಗೆ ಎಲ್ಲ ಹೇಳಿಬಿಟ್ಟೆ. ಮಗುವನ್ನು ಅವುಚಿಕೊಂಡಳು. ಆದರೂ ಬೈಯಲಿಲ್ಲ.

"ಕತ್ತರಿ, ಸೂಜಿ, ಎಲ್ಲ ಪಕ್ಕದ ಮನೇಲಿ ಕೊಟ್ಟು ಬರ್ತೀನಿ ಮಾವ."

"ಕೈ ಎಲ್ಲಿ ಕೊಟ್ಟು ಬರ್ತೀಯಮ್ಮ?"

ಅದೇ ದಿನ, ಮಧ್ಯಾಹ್ನ

ಮಗ ಡಾಕ್ಟರನ್ನು ಕರೆತರಲು ಹೋಗಿದ್ದಾನೆ. ಬರುವುದು ಸಂಜೆಯಾಗಬಹುದು. ಅಷ್ಟು ಹೊತ್ತು ತಡೆಯಲಾರೆ, ಕಣ್ಣು ಎಳೆಯುತ್ತಿದೆ. ಸೊಸೆ ಅಳುತ್ತ ಬೆನ್ನ ಹಿಂದೆ ನಿಂತಿದ್ದಾಳೆ, ಪಟ್ಟಿ ಹಿಡಿದು. "ನನ್ನ ಕೈಲಿ ಆಗಲ್ಲ ಮಾವ" ಅನ್ನುತ್ತಾಳೆ. ಆಗುತ್ತೆ, ಬಿಗಿಯಾಗಿ ಕಟ್ಟು ಅಂದೆ.

ಎಡಗೈ ಆಗಲೇ ಕ್ಯಾನ್ವಾಸಿನ ತೋಳಿನೊಳಗಿದೆ. ಎಷ್ಟು ಅಚ್ಚುಕಟ್ಟಾಗಿ ಕೂತಿದೆ, ಒಂದು ಸುಕ್ಕಿಲ್ಲ. ಬಟನ್ ಬಾಗಿಲಾಚೆ ಏನೋ ಒದರುತ್ತಿದ್ದಾಳೆ, ಅವಳದೇ ಭಾಷೆಯಲ್ಲಿ. ಈಗ ಬಲಗೈ—