ಸೀಮೆಸುಣ್ಣದ ಕಾಲುವೆ

ಚಿಂತಾಮಣಿ, ನವೆಂಬರ್ ೧೯೫೬

ಅಪ್ಪಾ,

ನೀನು ತೀರಿಕೊಂಡು ವರ್ಷ ತುಂಬುವುದರೊಳಗೇ ನನ್ನ ಮದುವೆ ಆಗಬೇಕಂತೆ. ಇವತ್ತು ನಗರಗೆರೆಯವರು ಬಂದಿದ್ದರು. ಓದು ಹೆಚ್ಚಾಯಿತೆಂದು ಹಿಂದಿನ ಎರಡು ಸಂಬಂಧ ತಪ್ಪಿದ್ದರಿಂದ ಆವಲಪ್ಪ ದೊಡ್ಡಪ್ಪ ಬೆಳಿಗ್ಗೆಯೇ ಹೇಳಿದ್ದರು: “ಏನ್ ಕೇಳಿದ್ರೂ ಗೊತ್ತಿಲ್ಲ ಅಂದ್ಬಿಡಮ್ಮ. ನಿಮ್ಮಮ್ಮನ ಮುಖ ನೋಡು.”

ಹುಡುಗನ ತಾಯಿ ಹಾಡು ಕೇಳಲಿಲ್ಲ. “ಅದೇನೋ ಸಾಹಿತ್ಯದ ಬಿ.ಎ. ಅಂತಲ್ಲಮ್ಮ, ಇಂಗ್ಲಿಷ್ ಪೇಪರ್ ಓದು, ಕೇಳಣ” ಅಂದರು. ಸೂಯೆಜ್ ಯುದ್ಧದ ಸುದ್ದಿ ಓದಿದೆ.

“ಆ ಕಾಲುವೆ ಎಲ್ಲಿದೆ, ಗೊತ್ತಾ?” ಎಂದು ಹುಡುಗ ಕೇಳಿದ.

ಜುಲೈನಲ್ಲಿ ನೀನೂ ನಾನೂ ಇದೇ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಕಾಲುವೆ ಬರೆದು, ಅದು ಯಾರದೆಂದು ಊಟ ಮರೆತು ವಾದಿಸಿದ್ದೆವು. ಇವತ್ತು ಅಮ್ಮ ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು.

“ಗೊತ್ತಿಲ್ಲ” ಅಂದೆ.

“ಟರ್ಕೀಲಿ. ಇರ್ಲಿ ಬಿಡಿ, ನಾನ್ ಹೇಳ್ಕೊಡ್ತೀನಿ.”

“ಹೌದಾ?” ಅಂದೆ.

ಎಲ್ಲರೂ ನಕ್ಕರು. ಅಲ್ಲೇ ಹೂ ಮುಡಿಸಿ, ತಾಂಬೂಲ ಬದಲಾಯಿಸಿಕೊಂಡರು. ಅಮ್ಮ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಮೇಲೆ ಮೆಡಿಟರೇನಿಯನ್, ಕೆಳಗೆ ಕೆಂಪು ಸಮುದ್ರ. ನನಗೆ ಗೊತ್ತು ಅಪ್ಪಾ.