ಸೊನ್ನೆಗೆ ಬಂದ ಕುರ್ಚಿ

ಲ್ಯಾಬಿನಿಂದ, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಈ ಮೂಲಕ ಸಮಸ್ತ ಕುಟುಂಬಕ್ಕೆ ಸಾರುವುದೇನೆಂದರೆ, ನಿನ್ನ ತಂಗಿಗೆ ತಿರುಗುವ, ಏರುವ, ಇಳಿಯುವ, ಐದು ಗಾಲಿಗಳ ಹೊಸ ಕುರ್ಚಿ ಪ್ರಾಪ್ತವಾಗಿದೆ. ನೀನು ಎದ್ದು ನಿಂತು ಓದಬೇಕಾಗಿಲ್ಲ. ಮೊದಲೇ ನಿನಗೆ ಬೆನ್ನುನೋವು. ಅದು ಹೇಗಿದೆ? ಅತ್ತಿಗೆ ಕಲಿಸಿದ ವ್ಯಾಯಾಮ ಮಾಡುತ್ತಿದ್ದೀಯೋ, ಮಾಡಿದೆ ಅಂತ ಹೇಳುತ್ತಿದ್ದೀಯೋ?

ಕುರ್ಚಿ ಬಂದದ್ದು ನಮ್ಮ ಆಸ್ಪತ್ರೆಯ ಸಾಧನೆಗೆ. ಔಷಧಕ್ಕೆ ಬಗ್ಗದ ರೋಗಾಣು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಲೇಬೇಕೆಂದು ಹೋದ ವರ್ಷ ಕಾನೂನು ಬಂತಲ್ಲ, ಮೊದಲ ತಿಂಗಳೇ ನಾನು ಪೆದ್ದಿಯ ಹಾಗೆ ಒಂದನ್ನು ಹುಡುಕಿ ತಿಳಿಸಿಬಿಟ್ಟೆ. ಇಲಾಖೆಯವರು ಬಂದು ಆಪರೇಷನ್ ವಾರ್ಡಿಗೆ ಬೀಗ ಹಾಕಿದರು. ಬೀಗ ತೆಗೆದ ಮೇಲೆ ರೋಗಾಣುಗಳಿಗೆ ಬುದ್ಧಿ ಬಂತು ನೋಡು, ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೀಳುವುದಾದರೂ ಹೇಗೆ? ವಾರ್ಡಿನವರು ಕೀವು, ರಕ್ತ ಲ್ಯಾಬಿಗೆ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದು ಸುಮ್ಮನಾದರೂ ಇರುತ್ತದೆ. ನಮ್ಮ ದೊಡ್ಡ ಡಾಕ್ಟರು ವೇದಿಕೆ ಹತ್ತಿ “ನಮ್ಮಲ್ಲಿ ಸೊನ್ನೆ” ಎಂದು ಚಪ್ಪಾಳೆ ತಟ್ಟಿಸಿಕೊಂಡರು. ನನ್ನ ಪಾಲಿಗೆ ಕುರ್ಚಿ. ತೊಳೆದಿಟ್ಟ ಗಾಜಿನ ತಟ್ಟೆಗಳ ನಡುವೆ ಗೋಡೆಯಿಂದ ಗೋಡೆಗೆ ಉರುಳುತ್ತಿರುತ್ತೇನೆ.

ಅದೇ ವಾರ್ಡಿನಲ್ಲಿ ಮಲಗಿರುವ ಅಪ್ಪನ ಸೊಂಟದ ಆಪರೇಷನ್ ಗಾಯ ಇನ್ನೂ ಒಣಗಿಲ್ಲ. ಮೂರು ಔಷಧ ನಾಟಲಿಲ್ಲ, ನಾಲ್ಕನೆಯದು ಶುರುವಾಗಿದೆ, ಕತ್ತಲೆಯಲ್ಲಿ ಕಲ್ಲೆಸೆತ. ಕೀವನ್ನು ಪರೀಕ್ಷೆಗೆ ಕಳಿಸಿ ಎಂದು ದೊಡ್ಡ ಡಾಕ್ಟರನ್ನು ಕೇಳಿದೆ. “ಲ್ಯಾಬಿನವಳಾಗಿ ಕೇಳ್ತಿದ್ದೀಯಾ, ಮಗಳಾಗಿ ಕೇಳ್ತಿದ್ದೀಯಾ?” ಅಂದರು. ಲ್ಯಾಬಿನವಳಾದರೆ ಅದು ನನ್ನ ಕೆಲಸವಲ್ಲವಂತೆ. ಮಗಳಾದರೆ ಗಾಬರಿ ಬೀಳಬಾರದಂತೆ. ಅವರ ಚೀಟಿಯಿಲ್ಲದೆ ನಾನು ಮುಟ್ಟುವ ಹಾಗಿಲ್ಲ. ಕುರ್ಚಿಯ ಸುದ್ದಿ ಕೇಳಿ ಅಪ್ಪ ನಕ್ಕರು: “ನನ್ನ ಕಾಲು ಏಳದಿದ್ರೇನು, ನಿಂಗೆ ಐದು ಬಂತಲ್ಲ ಮಗಳೇ.” ನಗುವಾಗಲೂ ಹಲ್ಲು ಕಟಕಟ ಅನ್ನುತ್ತಿತ್ತು. ಮತ್ತೆ ಚಳಿಜ್ವರ.

ಅತ್ತಿಗೆಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ಗಾಲಿಗಳ ಮೇಲೆ ಕೂತಿರುವ
ನಿನ್ನ ತಂಗಿ

ಹಾಂ, ಇನ್ನೊಂದು: ಆಪರೇಷನ್ನಿಗೆ ಒಪ್ಪಿಗೆಯ ಸಹಿ ಹಾಕಿದವನು ನೀನು. ನೀನು ಬರೆದು ಕೇಳಿದರೆ ದೊಡ್ಡ ಡಾಕ್ಟರು ಇಲ್ಲ ಅನ್ನುವ ಹಾಗಿಲ್ಲ. ಅಪ್ಪನ ಪಕ್ಕದ ಹಾಸಿಗೆಗೆ ಇವತ್ತು ಮಂಡಿ ಆಪರೇಷನ್ ಆದ ಹಿರಿಯರೊಬ್ಬರು ಬಂದಿದ್ದಾರೆ. ಇಬ್ಬರಿಗೂ ಅದೇ ನರ್ಸು, ಅದೇ ಟ್ರಾಲಿ. “ನಮ್ಮ ತಂದೆಯ ಗಾಯದ ಕೀವನ್ನು ಪರೀಕ್ಷೆಗೆ ಕಳಿಸಿ” ಅಂತ ಎರಡು ಸಾಲು ಬರೆದು, ಈ ಕಾಗದ ತಂದಿರುವ ಲ್ಯಾಬಿನ ಡ್ರೈವರ್ ಕೈಯಲ್ಲೇ ಕೊಡು. ಸಾಗಿಸಲು ಅವರಿಗೂ ಬೇರೇನಿಲ್ಲ. ರೋಗಾಣು ಕಂಡರೆ ಇಲಾಖೆಗೆ ತಿಳಿಸುತ್ತೇನೆ. ಕುರ್ಚಿ ವಾಪಸು ಹೋಗಲಿ, ಹಳೇ ಸ್ಟೂಲನ್ನು ನಾನು ಎಸೆದಿಲ್ಲ. ಸಹಿ ಮಾತ್ರ ಮರೆಯಬೇಡ, ನಿನಗೆ ಆ ಅಭ್ಯಾಸ ಇದೆ.