ತೇಜಸ್ವಿನಿಗೆ ಹಾಕಿದ ಸೊನ್ನೆಯ ಬಗ್ಗೆ

ಸಾರಕ್ಕಿ,
ಸೋಮವಾರ

ಖನಿಜ ಸಂಘದ ಕಾರ್ಯದರ್ಶಿ ಶಾಲಿನಿ ಮೇಡಂ ಅವರಿಗೆ ಬೈರಣ್ಣನ ನಮಸ್ಕಾರ.

ಕಲ್ಲನ್ನು ಮೂಸಿ ನೋಡಿಯೇ ಅದರ ವಯಸ್ಸು ಹೇಳುವವನು ಇಡೀ ಏಷ್ಯಾದಲ್ಲಿ ನಾನೊಬ್ಬನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು, ಮೇಷ್ಟರಿಗೆ ಕಲಿಸಲು ಇನ್ನೇನೂ ಉಳಿದಿರಲಿಲ್ಲ ಎಂದು. ಬಾವಿ ತೋಡುತ್ತ ಕಲ್ಲು ಕೂಡಿಟ್ಟು ಸಂಘ ಕಟ್ಟಿದ ನಮ್ಮ ಚಿನ್ನಪ್ಪನ ನೆನಪಿನ ವಿದ್ಯಾರ್ಥಿವೇತನಕ್ಕೆ ಭೂವಿಜ್ಞಾನದ ಮಕ್ಕಳನ್ನು ಆರಿಸಲು ನನ್ನನ್ನು ಕೂರಿಸಿದ್ದೂ ಅದಕ್ಕೇ ತಾನೆ?

ಶನಿವಾರದ ಸಂದರ್ಶನದಲ್ಲಿ ಪದ್ಧತಿಯಂತೆ ಒಬ್ಬೊಬ್ಬರಿಗೂ ಒಂದು ಕಲ್ಲು ಕೊಟ್ಟು ಗುರುತಿಸಲು ಹೇಳಿದೆವಲ್ಲ, ತೇಜಸ್ವಿನಿ ಎಂಬ ಹುಡುಗಿಗೆ ನಾನು ಕೊಟ್ಟದ್ದು ನನ್ನ ಉಂಗುರದ ಮಾಣಿಕ್ಯ. ಅವಳು ಭೂತಗನ್ನಡಿ ಹಿಡಿದು, "ಅಂಕಲ್, ಒಳಗೆ ಗಾಳಿಗುಳ್ಳೆ ಇದೆ. ಇದು ಗಾಜು. ಎಷ್ಟು ಕೊಟ್ರಿ?" ಅಂದಳು.

"ಐನೂರು."

"ಹಂಗಾದ್ರೆ ಪರವಾಗಿಲ್ಲ ಬಿಡಿ."

ನಾನು ಸಿಟ್ಟಿಗೆ ಸೊನ್ನೆ ಹಾಕಿದೆ. ಆ ಸೊನ್ನೆಯಿಂದಲೇ ಅವಳ ಹೆಸರು ಪಟ್ಟಿಯಿಂದ ಬಿತ್ತು.

ಇವತ್ತು ಜಯನಗರದ ಆಭರಣದಂಗಡಿಯಲ್ಲಿ ತೋರಿಸಿದೆ. ಅವರೂ ಅದೇ ಗುಳ್ಳೆ ತೋರಿಸಿದರು. ಚಿನ್ನಪ್ಪ ಇದ್ದಿದ್ದರೆ ವಾರಗಟ್ಟಲೆ ನಕ್ಕು, ಆಮೇಲೆ ದುಡ್ಡನ್ನು ಆ ಹುಡುಗಿಗೇ ಕೊಡುತ್ತಿದ್ದ.

ದಯವಿಟ್ಟು ಅವಳಿಗೆ ಹತ್ತಕ್ಕೆ ಹತ್ತು ಹಾಕಿ ಹೆಸರು ಸೇರಿಸಿ. ಮನೆಗೆ ಫೋನ್ ಮಾಡಬೇಡಿ, ನನ್ನ ಹೆಂಡತಿ ಗೌರಮ್ಮ ಎತ್ತುತ್ತಾಳೆ. ಅಂಕ ತಿದ್ದಲು ಕಾರಣ ಬೇಕೆಂಬುದು ನಿಮ್ಮ ನಿಯಮ. ಬರೆದುಕೊಳ್ಳಿ: ಹುಡುಗಿ ಹೇಳಿದ್ದೇ ಸರಿ. ಆ ಗಾಜಿಗೆ ಬೈರಣ್ಣ ಮಡಿವಾಳದ ಲಾಡ್ಜಿನಲ್ಲಿ ಗುರುತು ಪರಿಚಯ ಇಲ್ಲದವನಿಗೆ ಎಣಿಸಿ ಕೊಟ್ಟದ್ದು ಎಂಬತ್ತೆರಡು ಸಾವಿರ.

ಇಂತಿ,
ಬೈರಣ್ಣ